‘ಯುವ ತರಬೇತುದಾರ’ ಅಂದರೆ ಯುವ ಯಾರು?

ಗೆಳೆಯರೇ,

ಜರ್ಮನಿಯ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯಾನ್ ವೋರ್ನ್ಸ್ ಬಗ್ಗೆ ಚಿಕ್ಕ ಬರಹ ಬರೆಯುತ್ತಿದ್ದೇನೆ. ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಇವರು 1972ರಲ್ಲಿ ಮ್ಯಾನ್‌ಹೈಮ್‌ನಲ್ಲಿ ಹುಟ್ಟಿದವರು. ಲೆವರ್‌ಕೂಸೆನ್‌ನಲ್ಲಿ ಏಳು ವರ್ಷ, ಪ್ಯಾರಿಸ್‌ನಲ್ಲಿ ಒಂದು ವರ್ಷ, ಡಾರ್ಟ್ಮುಂಡ್‌ನಲ್ಲಿ ಒಂಬತ್ತು ವರ್ಷ ಆಡಿದರು. ಜರ್ಮನಿ ಪರ 66 ಪಂದ್ಯ. ಆಟ ಬಿಟ್ಟ ಮೇಲೆ ಹುಡುಗರಿಗೆ ಕಲಿಸಲು ಹೋದರು. ಮುಂದೆ ದೇಶದ ಕಿರಿಯರ ತಂಡಗಳಿಗೂ ಕೋಚ್ ಆದರು.

ಮೊದಲು ‘ಯುವ ತರಬೇತುದಾರ’ ಎಂದು ಬರೆದಿದ್ದೆ. ಅದನ್ನು ಓದಿದ ನನ್ನ ತಂಗಿ, "ಐವತ್ತು ದಾಟಿದವರು ಯುವ ಹೇಗಾಗ್ತಾರೆ?" ಎಂದು ಕೇಳಿದಳು. ಅವಳ ಮಾತು ಸರಿ. ‘ಯುವ ಕವಿ’ ಅಂದರೆ ಕವಿಗೇ ಚಿಕ್ಕ ವಯಸ್ಸು, ‘ಯುವ ರೈತ’ ಅಂದರೆ ರೈತನಿಗೇ. ಇಲ್ಲೂ ಓದುಗರು ಹಾಗೇ ತಿಳಿಯುತ್ತಾರೆ, ಅಲ್ವಾ? ಜರ್ಮನ್‌ನಲ್ಲಿ ಈ ಗೊಂದಲವಿಲ್ಲ. ಹರೆಯದವರಿಗೆ ಕಲಿಸುವವರು ‘ಯೂಗೆಂಟ್‌ಟ್ರೇನರ್’. ಕೋಚ್‌ಗೇ ಚಿಕ್ಕ ವಯಸ್ಸಾದರೆ ‘ಯುಂಗರ್ ಟ್ರೇನರ್’. ನಮ್ಮಲ್ಲಿ ಷಷ್ಠಿ ವಿಭಕ್ತಿಯೇ ಆ ಕೆಲಸ ಮಾಡಬಲ್ಲದು: ‘ಕಿರಿಯರ ಕೋಚ್’. ‘ಯುವಕರ ಕೋಚ್’ ಅಂದರೆ ಹುಡುಗಿಯರು ಹೊರಗುಳಿಯುತ್ತಾರೆ. ಪತ್ರಿಕೆಗಳ ‘19 ವರ್ಷದೊಳಗಿನವರ ತಂಡ’ ಸ್ಪಷ್ಟವಾಗಿದೆ, ಆದರೆ ತುಂಬಾ ಉದ್ದ. ನನಗೆ ‘ಕಿರಿಯರ ಕೋಚ್’ ಹಿಡಿಸಿದೆ.

ಎರಡನೆಯದು ಜಾಸ್ತಿ ಕಷ್ಟ. ವೋರ್ನ್ಸ್ ಆಡುತ್ತಿದ್ದ ಜಾಗಕ್ಕೆ ಜರ್ಮನ್ನರು ‘ಮಾನ್‌ಡೆಕರ್’ ಅನ್ನುತ್ತಿದ್ದರು. ‘ಡೆಕನ್’ ಅಂದರೆ ಮುಚ್ಚುವುದು, ಹೊದಿಸುವುದು. ಎದುರಾಳಿಯ ಒಬ್ಬ ಆಟಗಾರನಿಗೆ ಪಂದ್ಯವಿಡೀ ಅಂಟಿಕೊಂಡಿರುವವನು ಎಂದರ್ಥ. 1998ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಇವರು ಕ್ರೊಯೇಷಿಯಾದ ಡಾವೊರ್ ಶುಕೆರ್ ಅವರನ್ನು ಬೀಳಿಸಿ ಕೆಂಪು ಕಾರ್ಡ್ ಪಡೆದರು. ಆಗಿನ್ನೂ ಯಾರೂ ಗೋಲು ಹೊಡೆದಿರಲಿಲ್ಲ. ಜರ್ಮನಿ 0-3ರಿಂದ ಸೋತಿತು. ಆ ಕೆಲಸದ ಅಪಾಯವೆಲ್ಲ ಆ ಒಂದು ಕ್ಷಣದಲ್ಲಿ ಕಾಣುತ್ತದೆ.

ಇದಕ್ಕೆ ‘ರಕ್ಷಕ’ ಸಾಲದು. ಅದು ಗೋಲನ್ನು ಕಾಯುವ ಮಾತು, ಆಟಗಾರನನ್ನು ಕಾಯುವುದಲ್ಲ. ಖೋ ಖೋದಲ್ಲಿ ಓಡಿ ತಪ್ಪಿಸಿಕೊಳ್ಳುವವರೂ ರಕ್ಷಕರೇ! ‘ಬೆನ್ನಟ್ಟುವವ’ ಅಂದರೆ ಸುಮ್ನೆ ಹಿಂದೆ ಓಡಿದಂತಾಗುತ್ತದೆ. ‘ಆಳುಕಾವಲಿನವ’ ಅಂತ ಯೋಚಿಸಿದೆ. ಅರ್ಥ ಕೂಡುತ್ತದೆ, ಕಿವಿಗೆ ಮಾತ್ರ ಇನ್ನೂ ಒಗ್ಗಿಲ್ಲ.

ಕೊಡಗಿನ ಹಾಕಿ ಮೈದಾನಗಳಲ್ಲಿ, ಕರಾವಳಿಯ ಕಬಡ್ಡಿ ಅಂಗಳಗಳಲ್ಲಿ ಬೆಳೆದವರು ಇಲ್ಲಿದ್ದೀರಿ. "ಅವನನ್ನು ಬಿಡಬೇಡ, ಅಂಟಿಕೊಂಡೇ ಇರು" ಎಂದು ಆಟದ ನಡುವೆ ಕೂಗಲು ನಿಮ್ಮಲ್ಲಿ ಯಾವ ಮಾತಿದೆ?