ಯೂನಿಟ್ಟೋ, ಗನ್ನೋ, ವೈರೋ? – ಆಟೊಮೊಬೈಲ್ ಡಿಪ್ಲೊಮಾ ಗೆಳೆಯರ ಗುಂಪು

*ನಾಗೇಶ್ (ಫಾರ್ವರ್ಡ್):* ನಿಮ್ಮ ಕಾರಿನ ಸೆಂಟ್ರಲ್ ಲಾಕ್ ಬಿದ್ದ ತಕ್ಷಣ ಮತ್ತೆ ಏಳುತ್ತಿದೆಯೇ? ಕಂಟ್ರೋಲ್ ಯೂನಿಟ್ ಸುಟ್ಟಿದೆ ಎಂದರ್ಥ. ಕೂಡಲೇ ಬದಲಿಸಿ!! ರಿಮೋಟನ್ನು ಮೊಬೈಲ್ ಕ್ಯಾಮೆರಾ ಮುಂದೆ ಒತ್ತಿ ನೋಡಿ, ಬೆಳಕು ಕಾಣದಿದ್ದರೆ ಸೆಲ್ ಹೋಗಿದೆ. ಎಲ್ಲರಿಗೂ ಕಳಿಸಿ 🙏

*ಇಕ್ಬಾಲ್:* ಯಾರಪ್ಪ ಇದನ್ನ ಬರ್ದಿದ್ದು? ಕ್ಯಾಮೆರಾದಲ್ಲಿ ನೋಡೋದು ಟಿವಿ ರಿಮೋಟ್. ಕಾರಿಂದು ರೇಡಿಯೊ, ನಮ್ಮಲ್ಲಿ ಹೆಚ್ಚಿನವು 433 ಮೆಗಾಹರ್ಟ್ಸ್. ಹೊಸ ಸೆಲ್ ಹಾಕಿದ್ರೂ ಕ್ಯಾಮೆರಾಗೆ ಏನು ಕಾಣುತ್ತೆ?

*ಶೋಭಾ:* ರಿಮೋಟ್ ಮೇಲೆ ಅನುಮಾನ ಇದ್ರೆ ಡ್ರೈವರ್ ಡೋರಿನ ನಾಬ್ ಒತ್ತಿ ಸಾಕು. ಉಳಿದ ಮೂರೂ ಬಿದ್ರೆ ಯೂನಿಟ್ಟು, ಫ್ಯೂಸು, ವೈರಿಂಗು ಎಲ್ಲ ಸರಿ ಇದೆ. ಆಮೇಲೆ ಸೆಲ್ ನೋಡಿ.

*ನಾಗೇಶ್:* ಕ್ಯಾಮೆರಾ ಬಿಡ್ರೋ. ಬಿದ್ದು ಏಳೋದು ಯೂನಿಟ್ ಒಳಗಿನ ರಿಲೇನೇ (ಕರೆಂಟಲ್ಲಿ ನಡೆಯೋ ಸ್ವಿಚ್) ಅಲ್ವಾ? ಟಕ್ ಟಕ್ ಅಂತ ಎರಡು ಸಲ ಸದ್ದು ಬರುತ್ತೆ.

*ಇಕ್ಬಾಲ್:* ಎರಡು ಸಲ ಸದ್ದು ಬರುತ್ತೆ ಅಂದ್ರೆ ರಿಲೇ ಚೆನ್ನಾಗೇ ಇದೆ ಗುರು. ಏಳು ಅಂತ ಯಾರೋ ಹೇಳ್ತಿದಾರೆ, ಅದು ಕೇಳ್ತಿದೆ ಅಷ್ಟೆ. ಹೇಳ್ತಿರೋದು ಮಾಸ್ಟರ್ ಗನ್. ಗನ್ ಅಂದ್ರೆ ಡೋರಿನೊಳಗೆ ಲಾಕ್ ರಾಡನ್ನ ಎಳೆದು ತಳ್ಳೋ ಪುಟ್ಟ ಮೋಟರು.

*ಇಕ್ಬಾಲ್:* ಹೊರಗಿಂದ ಹಾಕಿಸೋ 4 ಡೋರ್ ಕಿಟ್ ಲೆಕ್ಕದಲ್ಲಿ ಹೇಳ್ತೀನಿ. ಮುಂದಿನ ಡೋರಿಗೆ 5 ವೈರಿನ ಮಾಸ್ಟರ್ ಗನ್, ಹಿಂದಿನದಕ್ಕೆ 2 ವೈರಿಂದು. ಸಾಮಾನ್ಯವಾಗಿ ನೀಲಿ-ಹಸಿರು ಮೋಟರಿಗೆ, ಕಪ್ಪು ಅರ್ಥ್ (ಕಾರಿನ ಬಾಡಿಗೆ), ಬಿಳಿ-ಕಂದು ಒಳಗಿನ ಸ್ವಿಚ್ಚಿಗೆ. ಲಾಕ್ ಸ್ಥಾನದಲ್ಲಿ ಕಪ್ಪು ಒಂದು ಬಣ್ಣಕ್ಕೆ ಸೇರುತ್ತೆ, ಅನ್‌ಲಾಕಲ್ಲಿ ಇನ್ನೊಂದಕ್ಕೆ. ಗನ್ ಪೂರ್ತಿ ಹೋಗದೆ ಅರ್ಧಕ್ಕೆ ನಿಂತು ವಾಪಸ್ ಜಾರಿದ್ರೆ ಸ್ವಿಚ್ಚು ಅನ್‌ಲಾಕ್ ಕಡೆಗೆ ತಾಗುತ್ತೆ. ಯೂನಿಟ್ಟು ಎಲ್ಲಾ ಡೋರೂ ಎಬ್ಬಿಸುತ್ತೆ.

*ನಾಗೇಶ್:* ಯೂನಿಟ್ಟೇ ಹೋಗಿಲ್ಲ ಅಂತ ಖಾತ್ರಿ ಹೆಂಗೆ? ಬಾಯಲ್ಲಿ ಹೇಳಿದ್ರೆ ಆಯ್ತಾ?

*ಇಕ್ಬಾಲ್:* ಮುಂದಿನ ಎರಡೂ ಗನ್ನಿನ ಬಿಳಿ-ಕಂದು ಬಿಡಿಸು. ನೀಲಿ-ಹಸಿರು ಹಾಗೇ ಇರ್ಲಿ. ಈಗ ರಿಮೋಟ್ ಒತ್ತು. ಬಿದ್ದದ್ದು ಬಿದ್ದಂಗೇ ಇದ್ರೆ ಯೂನಿಟ್ ಪಾಸ್. ರಿಮೋಟ್ ಇಲ್ಲದ ಕಿಟ್ಟಾದ್ರೆ ಯೂನಿಟ್ ಕಡೆಯ ಬಿಳಿನ ಒಂದು ಕ್ಷಣ ಅರ್ಥ್‌ಗೆ ಮುಟ್ಟಿಸು, ಆಮೇಲೆ ಕಂದು. ಒಂದಕ್ಕೆ ಬೀಳ್ಬೇಕು, ಒಂದಕ್ಕೆ ಏಳ್ಬೇಕು.

*ಶೋಭಾ:* ಇದನ್ನ ಕಂಪನಿ ಫಿಟ್ಟಿಂಗ್ ಕಾರಲ್ಲಿ ಯಾರೂ ಮಾಡ್ಬೇಡಿ 🙏 ಅಲ್ಲಿ ಬಾಡಿ ಕಂಟ್ರೋಲ್ ಮಾಡ್ಯೂಲ್ (ಲಾಕು, ಲೈಟು ನೋಡ್ಕೊಳ್ಳೋ ಕಂಪ್ಯೂಟರು) ಇರುತ್ತೆ, ಬಣ್ಣವೂ ಬೇರೆ. ಸರ್ಕ್ಯೂಟ್ ನಕ್ಷೆ ನೋಡದೆ ಮುಟ್ಟಿಸಿದ್ರೆ ಆಗ ನಿಜವಾಗ್ಲೂ ಯೂನಿಟ್ ಸುಡುತ್ತೆ. ಎಷ್ಟೋ ಕಾರಲ್ಲಿ ಗನ್ನೇ ಬೇರೆ ಇರಲ್ಲ, ಮೋಟರ್ ಲ್ಯಾಚ್ (ಡೋರ್ ಹಿಡಿಯೋ ಕೊಂಡಿ) ಒಳಗೇ. ಹೋದ್ರೆ ಇಡೀ ಲ್ಯಾಚ್ ಬದಲು.

*ನಾಗೇಶ್:* ಸರಿ, ಮಾಸ್ಟರ್ ಗನ್ನೇ ಅಂದ್ಕೊ. ಹೊಸದು ಹಾಕು, ಮುಗೀತು.

*ಇಕ್ಬಾಲ್:* ಹಾಕ್ಬೇಡ, ಮೊದ್ಲು ರಾಡ್ ನೋಡು. ಗನ್ ರಾಡನ್ನ ಲಾಕ್ ರಾಡಿಗೆ ಹಿಡಿಯೋದು ಒಂದು ಪುಟ್ಟ ಕ್ಲಾಂಪು, ಅದರಲ್ಲಿ ಸ್ಕ್ರೂ. ಡೋರ್ ಬಡಿದು ಬಡಿದು ಸಡಿಲ ಆಗುತ್ತೆ. ಬಿಚ್ಚಿ, ನಾಬ್ ಅರ್ಧಕ್ಕೆ ನಿಲ್ಲಿಸಿ, ಗನ್ನಿನ ತುದೀನೂ ಅರ್ಧಕ್ಕೆ ತಂದು ಬಿಗಿ ಮಾಡು. ಗನ್ನಿನ ಓಟ ಇರೋದೇ ಸುಮಾರು 2 ಸೆಂಮೀ. 4-5 ಮಿಮೀ ಆಚೀಚೆ ಆದ್ರೂ ಸ್ವಿಚ್ ತಪ್ಪುತ್ತೆ. ರಾಡ್ ಬಿಚ್ಚಿದಾಗ ನಾಬನ್ನ ಬೆರಳಲ್ಲಿ ಒತ್ತಿ ನೋಡು, ಬಿಗಿ ಇದ್ರೆ ಲ್ಯಾಚಲ್ಲಿ ಹಳೇ ಗ್ರೀಸು ಮಣ್ಣು ಸೇರಿ ಗಟ್ಟಿಯಾಗಿದೆ. ಪಾಪ, ಗನ್ನಿಗೆ ಯಾಕೆ ಬೈಯೋದು.

*ಪ್ರಭು:* ಮಾರಾಯ, ನಮ್ಮ ಕರಾವಳಿ ಬದಿಯಲ್ಲಿ ಗನ್ನಿಗಿಂತ ವೈರೇ ಹೆಚ್ಚು ಹೋಗುವುದು. ಒಂದೇ ಡೋರ್ ಸತ್ತಿದ್ದರೆ ಮೊದಲು ಪಿಲ್ಲರ್-ಡೋರ್ ನಡುವಿನ ರಬ್ಬರ್ ಬೂಟ್ (ವೈರ್ ಹಾದುಹೋಗುವ ರಬ್ಬರ್ ಕೊಳವೆ) ಕಳಚಿ ನೋಡಿ. ಡೋರ್ ತೆಗೆದಾಗಲೆಲ್ಲ ವೈರ್ ಬಗ್ಗುವುದು ಅಲ್ಲೇ. ಹೊರಗಿನ ಪ್ಲಾಸ್ಟಿಕ್ ಸರಿಯೇ ಇರುತ್ತದೆ, ಒಳಗೆ ತಾಮ್ರ ತುಂಡು. ಒಂದೊಂದೇ ವೈರ್ ಮೆಲ್ಲ ಎಳೆದು ನೋಡಿ, ತುಂಡಾದಲ್ಲಿ ರಬ್ಬರ್‌ಬ್ಯಾಂಡಿನ ಹಾಗೆ ಸಪೂರವಾಗಿ ಹಿಗ್ಗುತ್ತದೆ.

*ನಾಗೇಶ್:* ಮಲ್ಟಿಮೀಟರಲ್ಲಿ 12 ವೋಲ್ಟ್ ತೋರ್ಸಿದ್ರೆ ವೈರ್ ಸರಿ ಅಂತ ತಾನೆ?

*ಪ್ರಭು:* ಇಲ್ಲ. ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ, ಮೋಟರ್ ತಿರುಗುವುದಿಲ್ಲ. ಅದಲ್ಲದೆ ಯೂನಿಟ್ ಕರೆಂಟ್ ಕೊಡುವುದು ಒಂದು ಸೆಕೆಂಡೂ ಇರುವುದಿಲ್ಲ, ಮೀಟರಿಗೆ ಸಿಕ್ಕುವುದೇ ಕಷ್ಟ. 21 ವ್ಯಾಟಿನ ಇಂಡಿಕೇಟರ್ ಬಲ್ಬ್ ತೆಗೆದುಕೊಂಡು ಗನ್ನಿನ ಕಪ್ಲರಲ್ಲಿ (ವೈರ್ ಸೇರುವ ಪ್ಲಗ್) ನೀಲಿ-ಹಸಿರಿಗೆ ಅಡ್ಡ ಹಾಕಿ. ಹೆಚ್ಚುಕಡಿಮೆ 1.75 ಆಂಪ್ ಎಳೆಯುತ್ತದೆ. ಲಾಕಿಗೂ ಅನ್‌ಲಾಕಿಗೂ ಜೋರಾಗಿ ಮಿನುಗಿದರೆ ಗನ್ ಸತ್ತಿದೆ. ಮಂಕಾದರೆ, ಉರಿಯದಿದ್ದರೆ ವೈರ್.

*ಶೋಭಾ:* ಡೋರ್ ತೆಗೆದಾಗಲೇ ಫ್ಯೂಸ್ ಹಾರಿದ್ರೂ ಅದೇ ಬೂಟಲ್ಲಿ ವೈರ್ ಸವೆದು ಬಾಡಿಗೆ ತಾಗ್ತಿದೆ. ದೊಡ್ಡ ಫ್ಯೂಸ್ ಹಾಕೋ ಬುದ್ಧಿವಂತರಿದಾರೆ, ಆ ಕೆಲ್ಸ ಬೇಡ.

*ಇಕ್ಬಾಲ್:* ತುಂಡಾದ ಕಡೆ ಸೋಲ್ಡರ್ ಮಾಡಿ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯಾಗೋ ಕೊಳವೆ) ಹಾಕಿದ್ರೆ ಆಯ್ತು.

*ಪ್ರಭು:* ಬೂಟಿನ ಒಳಗಾ? ಬೇಡವೇ ಬೇಡ ಇಕ್ಬಾಲ್. ಸೋಲ್ಡರ್ ಹರಿದಷ್ಟು ವೈರ್ ಕಡ್ಡಿಯ ಹಾಗೆ ಸೆಟೆಯುತ್ತದೆ, ಸ್ವಲ್ಪ ದಿನದಲ್ಲಿ ಅದರ ಪಕ್ಕವೇ ತುಂಡಾಗುತ್ತದೆ. 0.75 ಚದರ ಮಿಮೀ ಫ್ಲೆಕ್ಸಿಬಲ್ ವೈರ್ ಅರ್ಧ ಮೀಟರಿನಷ್ಟು ಹೊಸದು ಎಳೆಯಿರಿ. ಒಂದು ಜಾಯಿಂಟ್ ಡೋರ್ ಒಳಗೆ, ಇನ್ನೊಂದು ಡ್ಯಾಶ್ ಕೆಳಗೆ. ಬೂಟಿನೊಳಗೆ ಜಾಯಿಂಟೇ ಇರಬಾರದು.

*ಇಕ್ಬಾಲ್:* ಒಪ್ಪಿದೆ. ಆದ್ರೆ ಜಾಯಿಂಟ್ ಸೋಲ್ಡರೇ, ಕ್ರಿಂಪ್ (ಲೋಹದ ತುಂಡಲ್ಲಿ ಒತ್ತಿ ಸೇರಿಸೋದು) ಅಲ್ಲ.

*ಪ್ರಭು:* ಅಂಟು ಇರುವ ಸ್ಲೀವ್ ಹಾಕಿದರೆ ಯಾವುದಾದರೂ ಅಡ್ಡಿಯಿಲ್ಲ. ಬರೀ ಟೇಪ್ ಸುತ್ತಿದರೆ ಮಳೆಗಾಲ ಮುಗಿಯುವುದರೊಳಗೆ ಹಸಿರು ಕಿಲುಬು.

*ನಾಗೇಶ್:* ಸರಿ ಮಾರಾಯ್ರೆ, ಫಾರ್ವರ್ಡ್ ಡಿಲೀಟ್ ಮಾಡ್ತೀನಿ. ಡೋರ್ ಪ್ಯಾಡ್ ಬಿಚ್ಚೋದು ಯಾರು ಹೇಳ್ತೀರಿ? ಕೈಯಲ್ಲಿ ತಿರುಗಿಸೋ ಗ್ಲಾಸಿಂದು.

*ಶೋಭಾ:* ಹ್ಯಾಂಡಲ್ ಸ್ಕ್ರೂ ತೆಗಿ. ಗ್ಲಾಸ್ ಹಿಡಿಯ ಹಿಂದೆ ಹಳೇ ಬಟ್ಟೆ ಪಟ್ಟಿ ತೂರಿಸಿ ಆ ಕಡೆ ಈ ಕಡೆ ಉಜ್ಜು, ಒಳಗಿನ ಸ್ಪ್ರಿಂಗ್ ಕ್ಲಿಪ್ ಎಗರುತ್ತೆ. ಇನ್ನೊಂದು ಕೈ ಅಡ್ಡ ಇಟ್ಕೊ, ಇಲ್ಲಾಂದ್ರೆ ಸೀಟ್ ಕೆಳಗೆ ಹುಡುಕ್ಬೇಕು. ಅಂಚಿನ ಕ್ಲಿಪ್ ಬಿಡಿಸಿ ಪ್ಯಾಡ್ ಮೇಲಕ್ಕೆತ್ತಿದ್ರೆ ಬರುತ್ತೆ. ಹಿಂದಿರೋ ಪ್ಲಾಸ್ಟಿಕ್ ಶೀಟ್ ಹರೀಬೇಡ, ವಾಪಸ್ ಸರಿಯಾಗಿ ಅಂಟಿಸು. ಅದನ್ನ ಬಿಸಾಕಿದ್ರೆ ಡೋರಿನೊಳಗೆ ಇಳಿಯೋ ಮಳೆನೀರು ಪ್ಯಾಡಿಗೆ, ಕಾರ್ಪೆಟ್ಟಿಗೆ ಬರುತ್ತೆ.

*ಪ್ರಭು:* ಮುಚ್ಚುವ ಮೊದಲು ಡೋರಿನ ಕೆಳಗಿನ ನೀರು ಹೋಗುವ ತೂತಿಗೆ ಒಂದು ಕಡ್ಡಿ ಹಾಕಿ.