ನಗರಸಭೆಗೆ ಎಐ ಕೊಳ್ಳುವಾಗ ವಿದ್ಯುತ್, ನೀರು, ಇ-ತ್ಯಾಜ್ಯದ ಷರತ್ತುಗಳು: ಅನುಭವ ತಿಳಿಸಿ

ಪ್ರಶ್ನೆ (ನಗರಸಭೆಯ ಸಹಾಯಕ ಎಂಜಿನಿಯರ್): ಕಸ ಸುರಿಯುವ ಬ್ಲ್ಯಾಕ್‌ಸ್ಪಾಟ್‌ಗಳನ್ನು ಕ್ಯಾಮೆರಾ ಚಿತ್ರಗಳಿಂದ ಗುರುತಿಸುವ ಎಐ ವ್ಯವಸ್ಥೆಗೆ ಟೆಂಡರ್ ಕರೆಯಲಿದ್ದೇವೆ. ಪರಿಸರದ ಮೇಲಿನ ಹೊರೆ ತಗ್ಗಿಸಲು ಯಾವ ಷರತ್ತುಗಳನ್ನು ಸೇರಿಸಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ನಿವೃತ್ತ ಎಂಜಿನಿಯರ್: ನಾವು ಸರ್ವರನ್ನು ಕಚೇರಿಯಲ್ಲೇ ಇಟ್ಟುಕೊಂಡೆವು, ಆ ತೀರ್ಮಾನದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಪ್ರತ್ಯೇಕ ಸಬ್‌ಮೀಟರ್ ಹಾಕಿಸಿ, ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ರೀಡಿಂಗನ್ನು ನಾನೇ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ: ಸರ್ವರ್‌ಗೆ 36 ಯೂನಿಟ್, ಅದನ್ನು ತಂಪಾಗಿಡುವ ಎಸಿಗೆ 20 ಯೂನಿಟ್, ಅಂದರೆ ತಿಂಗಳಿಗೆ 1,680 ಯೂನಿಟ್. ಆ ಪುಟಗಳನ್ನು ಸಭೆಯ ಮುಂದಿಟ್ಟ ಮೇಲೆಯೇ, ಕಸ ಬೀಳುವ ರಾತ್ರಿ ಮತ್ತು ನಸುಕಿನ ಹೊತ್ತಿನ ಚಿತ್ರಗಳನ್ನಷ್ಟೇ ಪರಿಶೀಲಿಸಿದರೆ ಸಾಕೆಂದು ಎಲ್ಲರೂ ಒಪ್ಪಿದರು. ಆದರೆ ಮೂರನೇ ಬೇಸಿಗೆಗೆ ಯುಪಿಎಸ್‌ನ 16 ಬ್ಯಾಟರಿಗಳೂ ಉಬ್ಬಿದವು. ಅವನ್ನು ಹರಾಜಿನಲ್ಲಿ ವಿಲೇವಾರಿ ಮಾಡಿದೆವು.

ನಗರಸಭೆ ಸದಸ್ಯೆ: ಕಚೇರಿಯಲ್ಲಿ ಸರ್ವರ್ ಇಡುವುದರಲ್ಲಿ ಹೆಮ್ಮೆಪಡುವಂಥದ್ದು ಏನಿದೆಯೋ ತಿಳಿಯದು. ನಾವು ಕ್ಲೌಡ್ ಸೇವೆ ಪಡೆದೆವು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದ್ದಾಗ, ನಮ್ಮ ಕೆಲಸ ನಡೆಯುವ ಡೇಟಾ ಸೆಂಟರಿನ ಕೂಲಿಂಗ್ ಟವರ್‌ಗಳಲ್ಲಿ ಎಷ್ಟು ನೀರು ಆವಿಯಾಗುತ್ತದೆಂದು ಲಿಖಿತವಾಗಿ ಕೇಳಿದೆ. ವ್ಯಾಪಾರ ರಹಸ್ಯವೆಂಬ ಉತ್ತರ ಬಂತು. ಕರಾರಿನಲ್ಲಿ ಅದನ್ನು ಕಡ್ಡಾಯಗೊಳಿಸದಿದ್ದದ್ದು ನಮ್ಮದೇ ತಪ್ಪು, ಮೂರು ವರ್ಷಕ್ಕೆ ಕಟ್ಟುಬಿದ್ದಿದ್ದೆವು. ಮುಂದಿನ ಟೆಂಡರಿನಲ್ಲಿ ಲೆಕ್ಕ ಕೊಡದವರ ಬಿಲ್ ತಡೆಹಿಡಿಯುವ ಷರತ್ತು ಹಾಕಿದಾಗ ಒಬ್ಬರೇ ಬಿಡ್ ಸಲ್ಲಿಸಿದರು; ಮರುಟೆಂಡರ್‌ಗೆ ಐದು ತಿಂಗಳು ಹೋಯಿತು. ಎಂಜಿನಿಯರ್ ಸಾಹೇಬರೇ, ಬ್ಯಾಟರಿಗಳನ್ನು ಗುಜರಿಯವರಿಗೆ ಕೊಟ್ಟು ಪರಿಸರದ ಮಾತಾಡುತ್ತೀರಾ? ಇ-ತ್ಯಾಜ್ಯ ನಿಯಮ ಓದಿದ್ದೀರಾ?

ನಿವೃತ್ತ ಎಂಜಿನಿಯರ್: ಮೇಡಂ, ಗುಜರಿಯವರಿಗೆ ಕೊಟ್ಟೆವೆಂದು ನಾನು ಎಲ್ಲಿಯೂ ಬರೆದಿಲ್ಲ. ಹರಾಜಿನಲ್ಲಿ ನೋಂದಾಯಿತ ಮರುಬಳಕೆದಾರರಿಗಷ್ಟೇ ಅವಕಾಶವಿತ್ತು. ಬ್ಯಾಟರಿಗಳಿಗೆ ಅನ್ವಯಿಸುವುದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೇ ಹೊರತು ಇ-ತ್ಯಾಜ್ಯ ನಿಯಮಗಳಲ್ಲ. ನಿಮಗೆ ನೀರಿನ ಲೆಕ್ಕ ಸಿಗಲಿಲ್ಲ, ನನ್ನ ಬಳಿ ಯೂನಿಟ್ಟಿನ ಲೆಕ್ಕವಾದರೂ ಇದೆ.

ಆರೋಗ್ಯ ನಿರೀಕ್ಷಕ: ನಮ್ಮಲ್ಲಿ ಖರೀದಿಯನ್ನೇ ಕೈಬಿಟ್ಟೆವು. ಬ್ಲ್ಯಾಕ್‌ಸ್ಪಾಟ್‌ಗಳ ಪಟ್ಟಿಯನ್ನು ಪೌರಕಾರ್ಮಿಕರು ಅರ್ಧ ಗಂಟೆಯಲ್ಲಿ ಬರೆಸಿದರು, 23 ಜಾಗಗಳು.

ನಗರಸಭೆ ಸದಸ್ಯೆ: ಪಟ್ಟಿ ನಮ್ಮಲ್ಲೂ ಇತ್ತು. ರಾತ್ರಿ ಎರಡು ಗಂಟೆಗೆ ಬಂದು ಸುರಿಯುವ ಟ್ರ್ಯಾಕ್ಟರಿನ ನಂಬರನ್ನು ನಿಮ್ಮ ಪಟ್ಟಿ ಹೇಳುತ್ತದೆಯೇ?