ಪದಚರ್ಚೆ: ಪವರ್ ಬ್ಯಾಲಡ್ 'ಚೀಸಿ' ಅನ್ನುವುದಕ್ಕೆ ಕನ್ನಡದಲ್ಲಿ ಏನು? (ತುರ್ತು, ಇವತ್ತೇ ಬೇಕು)

ಪಿ.ಎಸ್. ಬರೆದದ್ದು:

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕು, ಸಂಜೆಯೊಳಗೆ. 1980ರ ದಶಕದ ರಾಕ್ ಸಂಗೀತದ ಮೇಲೆ ಒಂದು ಪ್ರದರ್ಶನ ನಡೆಯಲಿದೆ, ಅದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹನ್ನೊಂದು ಫಲಕ ಸಲೀಸಾಗಿ ಮುಗಿದವು. ಹನ್ನೆರಡನೆಯದು ಪವರ್ ಬ್ಯಾಲಡ್‌ಗಳದ್ದು, ಅಂದರೆ ಮೆಲ್ಲಗೆ ಶುರುವಾಗಿ ಅಬ್ಬರಕ್ಕೇರುವ ಭಾವುಕ ರಾಕ್ ಹಾಡುಗಳದ್ದು. ಅದರ ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡೆ. ಇಂಗ್ಲಿಷ್‌ನಲ್ಲಿ ಇರುವುದು ಇಷ್ಟೇ: 'ಚೀಸಿ ಆರ್ ಹಾರ್ಟ್‌ಫೆಲ್ಟ್?' ನಗು ಬರುವಷ್ಟು ಉಬ್ಬಿಸಿದ್ದೋ, ಮನಸಾರೆ ಹಾಡಿದ್ದೋ ಅಂತ.

ನಾನು ಯೋಚಿಸಿದ್ದು ಹೀಗೆ. 'ಅತಿಭಾವುಕ' ಅಂದರೆ ವಿಮರ್ಶೆಯ ಭಾಷೆ ಆಗುತ್ತದೆ. ಇಂಗ್ಲಿಷ್ ಪದದಲ್ಲಿರುವ ತಮಾಷೆ ಅದರಲ್ಲಿಲ್ಲ. 'ಸವಕಲು' ಅಂದರೆ ಬಳಸಿ ಬಳಸಿ ಸವೆದದ್ದು ಅಂತಷ್ಟೇ. ಇಲ್ಲಿ ಸವೆದದ್ದು ಏನೂ ಇಲ್ಲ, ಉಬ್ಬಿದ್ದು ಇದೆ. ಮಾತಿನಲ್ಲಾದರೆ 'ಸ್ವಲ್ಪ ಓವರ್ ಆಯ್ತು' ಅಂದುಬಿಡುತ್ತೇವೆ, ಆದರೆ ಫಲಕದ ಮೇಲೆ ಬರೆಯಲು ಧೈರ್ಯ ಬರುತ್ತಿಲ್ಲ. ಇನ್ನು 'ಹೃತ್ಪೂರ್ವಕ' ಅಂದ ಕೂಡಲೇ ವಂದನಾರ್ಪಣೆ ಶುರುವಾಯಿತು ಅಂದುಕೊಂಡು ಜನ ಎದ್ದು ಹೊರಡುತ್ತಾರೆ.

ಜಾಗ ಒಂದೇ ಸಾಲು. ಎರಡೇ ಪದ. ಪ್ರಶ್ನೆಯ ರೂಪ ಉಳಿಯಬೇಕು.

ಕೆ.ಎನ್. ಬರೆದದ್ದು:

'ಚೀಸಿ' ಅಂತಲೇ ಹಾಕಿ. ಈ ಹಾಡು ಕೇಳುವವರಿಗೆ ಆ ಪದ ಗೊತ್ತು. ಗೊತ್ತಿಲ್ಲದವರು ಆ ಫಲಕದ ಮುಂದೆ ನಿಲ್ಲುವುದಿಲ್ಲ.

ಎಂ.ಆರ್. ಬರೆದದ್ದು:

ಪಿ.ಎಸ್. ಮೇಡಂ, ಸಾವಿರ ವರ್ಷದಿಂದ ಇರುವ ಪದ ಬಿಟ್ಟು ಎಲ್ಲೆಲ್ಲೋ ಹುಡುಕುತ್ತಿದ್ದೀರಿ. ರಸಾಭಾಸ. ನೋಡಲು ರಸದ ಹಾಗೇ ಇರುತ್ತದೆ, ಆದರೆ ರಸ ಅಲ್ಲ. ರಸ ಕೆಡುವುದಕ್ಕೆ ಅನೌಚಿತ್ಯ ಬಿಟ್ಟು ಬೇರೆ ಕಾರಣವೇ ಇಲ್ಲ ಅಂತ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಹೇಳಿ ಮುಗಿಸಿದ್ದಾನೆ. ಒಬ್ಬ ಹುಡುಗಿ ಬಿಟ್ಟುಹೋದಳು ಅನ್ನುವ ಸಣ್ಣ ವಿಷಯಕ್ಕೆ ಇಡೀ ಆರ್ಕೆಸ್ಟ್ರಾ, ಹೊಗೆ, ಮಿಂಚು. ಇದಕ್ಕಿಂತ ಅನೌಚಿತ್ಯ ಬೇಕೇ? 'ರಸವೋ, ರಸಾಭಾಸವೋ?' ಅಂತ ಬರೆಯಿರಿ. ತಲೆಬರಹ ಸಿದ್ಧ.

ಹಾಗೇ, 'ಬ್ಯಾಲಡ್' ಯಾಕೆ ಬೇಕು? ಲಾವಣಿ ಅನ್ನಿ.

ಕೆ.ಎನ್. ಬರೆದದ್ದು:

> ತಲೆಬರಹ ಸಿದ್ಧ.

ಇವತ್ತಿನ ಕನ್ನಡದಲ್ಲಿ 'ರಸಾಭಾಸ ಆಯ್ತು' ಅಂದರೆ ಎಡವಟ್ಟಾಯಿತು, ಮರ್ಯಾದೆ ಹೋಯಿತು ಅಂತ. ಫಲಕ ಓದಿದವರು ಆವತ್ತು ಮೈಕ್ ಕೈಕೊಟ್ಟಿತ್ತು ಅಂದುಕೊಳ್ಳುತ್ತಾರೆ.

ಲಾವಣಿ ಕಥೆ ಹೇಳುತ್ತದೆ. ಈ ಹಾಡುಗಳಲ್ಲಿ ಕಥೆ ಎಲ್ಲಿದೆ? ಗೋಳು ಮಾತ್ರ ಇದೆ.

ಟಿ.ಎಚ್. ಬರೆದದ್ದು:

ಯಾರೂ ಪದದ ಹುಟ್ಟಿಗೇ ಕೈಹಾಕಿಲ್ಲವಲ್ಲ, ಆಶ್ಚರ್ಯ.

19ನೇ ಶತಮಾನದ ಬ್ರಿಟಿಷ್ ಆಡುಮಾತಿನಲ್ಲಿ 'ದಿ ಚೀಸ್' ಅಂದರೆ ಬೈಗುಳ ಅಲ್ಲ, ಹೊಗಳಿಕೆ. ಅಸಲಿ ಮಾಲು, ಭಲೇ ವಸ್ತು ಅಂತ. ಇದಕ್ಕೂ ತಿನ್ನುವ ಚೀಸ್‌ಗೂ ಸಂಬಂಧ ಇಲ್ಲ. ಹಿಂದೂಸ್ತಾನಿಯ 'ಚೀಜ್', ಅಂದರೆ ವಸ್ತು ಅನ್ನುವ ಫಾರ್ಸಿ ಮೂಲದ ಪದ, ಇಂಗ್ಲಿಷರ ಬಾಯಲ್ಲಿ ಹೀಗಾಯಿತು ಅನ್ನುವ ವಿವರಣೆ ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳ 1886ರ ಹಾಬ್ಸನ್-ಜಾಬ್ಸನ್ ಕೋಶದಲ್ಲೇ ಇದೆ. ಅದರಿಂದ 'ಚೀಸಿ' ಅಂದರೆ ಥಳಕಿನದು, ಬಲು ಜೋರಾದದ್ದು ಅಂತಾಯಿತು. 1890ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಅದೇ ಪದ ಅಗ್ಗದ್ದು, ಕಳಪೆ ಅನ್ನುವ ಅರ್ಥಕ್ಕೆ ಬಂತು. ಹೊಗಳಿಕೆಯನ್ನೇ ವ್ಯಂಗ್ಯವಾಗಿ ಆಡಿ ಆಡಿ ಹೀಗೆ ತಿರುಗಿತು ಅಂತ ಕೆಲವರ ಊಹೆ. ನನಗಂತೂ ಪೂರ್ತಿ ಒಪ್ಪಿಗೆ.

ಈಗ ನೋಡಿ. ಥಳಕು, ಜೋರು, ಆಮೇಲೆ ಗೇಲಿ. ಪವರ್ ಬ್ಯಾಲಡ್‌ನ ಚರಿತ್ರೆಯೂ ಇದೇ ಅಲ್ವಾ? 1980ರ ದಶಕದಲ್ಲಿ ಜನ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು. ಆಮೇಲೆ ಅದೇ ಜನ ನಕ್ಕರು. ಆದ್ದರಿಂದ 'ಚೀಸಿ' ಪರಕೀಯ ಪದ ಅಲ್ಲವೇ ಅಲ್ಲ. ಇಲ್ಲಿಂದ ಹೋದದ್ದು ವಾಪಸ್ ಬಂದಿದೆ.

'ಬ್ಯಾಲಡ್' ಕೂಡ ಮೂಲದಲ್ಲಿ ಕುಣಿತದ ಹಾಡು. ಬ್ಯಾಲೆ ಅದರ ತಂಗಿ. ಎಂ.ಆರ್. ಅವರ ಲಾವಣಿಗೆ ಅದು ಯಾವ ರೀತಿಯಲ್ಲೂ ಹೊಂದುವುದಿಲ್ಲ.

ಬಿ.ಡಿ. ಬರೆದದ್ದು:

ಒಬ್ಬರು ಸಂಸ್ಕೃತ, ಒಬ್ಬರು ಫಾರ್ಸಿ, ಒಬ್ಬರು ನೇರ ಇಂಗ್ಲಿಷ್. ಕನ್ನಡದ ಪದ ಕೇಳಿದ ಹೆಣ್ಣುಮಗಳಿಗೆ ಕನ್ನಡದ ಪದ ಕೊಡಲು ಯಾರಿಗೂ ಮನಸ್ಸಿಲ್ಲ. ಲಾವಣಿಯೂ ಮರಾಠಿಯಿಂದ ಬಂದದ್ದು, ನೆನಪಿರಲಿ.

ಕನ್ನಡದಲ್ಲಿ ಎಲ್ಲೆ ಇದೆ, ಮೀರು ಇದೆ. ಉಕ್ಕು ಇದೆ, ಒಲವು ಇದೆ. ಎದೆ ಇದೆ, ಆಳ ಇದೆ. ಪವರ್ ಬ್ಯಾಲಡ್‌ಗೆ 'ಉಕ್ಕೊಲವಿನ ಹಾಡು'. ತಲೆಬರಹಕ್ಕೆ 'ಎಲ್ಲೆ ಮೀರಿದ್ದೋ, ಎದೆಯಾಳದ್ದೋ?' ಇದಕ್ಕಿಂತ ಜಾಸ್ತಿ ಚರ್ಚೆ ಬೇಕಿಲ್ಲ. ಹದಿಮೂರನೇ ಶತಮಾನದಲ್ಲಿ ಆಂಡಯ್ಯ ಒಂದಿಡೀ ಕಾವ್ಯವನ್ನೇ ಅಚ್ಚಗನ್ನಡದಲ್ಲಿ ಬರೆದ. ನಮಗೆ ಎರಡು ಪದ ಆಗುವುದಿಲ್ಲವೇ?

ಟಿ.ಎಚ್. ಬರೆದದ್ದು:

> ಇದಕ್ಕಿಂತ ಜಾಸ್ತಿ ಚರ್ಚೆ ಬೇಕಿಲ್ಲ.

'ಜಾಸ್ತಿ' ಅರಬ್ಬಿಯಿಂದ ಫಾರ್ಸಿ ಮೂಲಕ ಬಂದದ್ದು. 'ಚರ್ಚೆ' ಸಂಸ್ಕೃತ. ಆಂಡಯ್ಯ ತತ್ಸಮ ಬಿಟ್ಟ, ನಿಜ. ತದ್ಭವ ಬಿಟ್ಟನೇ?

ಎ.ಜೆ. ಬರೆದದ್ದು:

ಸರ್, ಮೇಡಂ, ಎಲ್ಲರಿಗೂ ನಮಸ್ಕಾರ. ಸಾಮಾನ್ಯವಾಗಿ ಓದಿಕೊಂಡು ಸುಮ್ನೆ ಇರುತ್ತೇನೆ. ಆದರೆ ಇದು ನನ್ನ ವಿಷಯ. ಹತ್ತು ವರ್ಷ ಒಂದು ಬ್ಯಾಂಡಿನಲ್ಲಿ ಇದೇ ಹಾಡುಗಳಿಗೆ ಗಿಟಾರ್ ನುಡಿಸಿದವನು ನಾನು. ಪದ ಹುಡುಕುವ ಮೊದಲು ಹಾಡಿನಲ್ಲಿ ಏನಾಗುತ್ತದೆ ಅಂತ ಒಮ್ಮೆ ನೋಡೋಣ.

ಶುರುವಿನಲ್ಲಿ ಪಿಯಾನೋ, ಇಲ್ಲ ಒಂದೇ ಗಿಟಾರ್. ದನಿ ಕಿವಿಯ ಹತ್ತಿರ ಬಂದು ಹೇಳಿದ ಹಾಗೆ. ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ಡ್ರಮ್ಸ್ ಕಾಯುತ್ತಾ ಕೂತಿರುತ್ತದೆ. ಆಮೇಲೆ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುತ್ತದೆ ನೋಡಿ. ದೊಡ್ಡ ಹಾಲ್‌ನಲ್ಲಿ ಹೊಡೆದ ಹಾಗೆ ದಢ್ ಅಂದು, ಆ ಮೊಳಗು ಕರಗುವ ಮುಂಚೆಯೇ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಗೇಟೆಡ್ ರಿವರ್ಬ್ ಅನ್ನುತ್ತೇವೆ. 1980ರ ಸುಮಾರಿಗೆ ಪೀಟರ್ ಗೇಬ್ರಿಯಲ್, ಫಿಲ್ ಕಾಲಿನ್ಸ್ ರೆಕಾರ್ಡಿಂಗ್‌ಗಳಲ್ಲಿ ಕೇಳಿಸಿತು, ಆಮೇಲೆ ದಶಕವಿಡೀ ಅದೇ ಸದ್ದು. ಅದರ ಬೆನ್ನಿಗೆ ಗಿಟಾರ್ ಸೋಲೋ. ಕೊನೆಗೆ, ಎಷ್ಟೋ ಹಾಡುಗಳಲ್ಲಿ, ಸ್ಕೇಲ್ ಚೇಂಜ್. ಅದೇ ಪಲ್ಲವಿ, ಅದೇ ಮಾತು, ಒಂದು ಮೆಟ್ಟಿಲು ಮೇಲೆ. ಟ್ರಕ್ ಡ್ರೈವರ್ ಗೇರ್ ಬದಲಿಸಿದ ಹಾಗೆ ಅಂತ ಇಂಗ್ಲಿಷ್‌ನಲ್ಲಿ ಇದಕ್ಕೆ ಅಡ್ಡಹೆಸರೇ ಇದೆ. ಗೇಲಿಗೆ ಇಟ್ಟ ಹೆಸರು.

ಗೇಲಿ ಸರಿಯೇ. ಆ ಗೇರ್ ಬರುತ್ತದೆ ಅಂತ ನನಗೆ ಗೊತ್ತು. ಎಷ್ಟನೇ ಬಾರ್‌ನಲ್ಲಿ, ಅಂದರೆ ತಾಳದ ಎಷ್ಟನೇ ಸುತ್ತಿನಲ್ಲಿ ಅಂತಲೂ ಗೊತ್ತು. ಆದರೂ ಕೈ ಎರಡು ಫ್ರೆಟ್ ಮೇಲಕ್ಕೆ ಜಾರಿದ ಕ್ಷಣ ಪ್ರತಿಸಲ ಮೈ ಜುಮ್ ಅಂದಿದೆ. ಪ್ರತಿಸಲ. ಒಮ್ಮೆ ಅದೇ ಜಾಗದಲ್ಲಿ ನಮ್ಮ ಗಾಯಕನ ದನಿ ಒಡೆದುಹೋಯಿತು. ಅವನು ನಿಲ್ಲಿಸಲಿಲ್ಲ, ಒಡೆದ ದನಿಯಲ್ಲೇ ಕೂಗಿ ಮುಗಿಸಿದ. ಮುಂದಿನ ಸಾಲಿನಲ್ಲಿ ಕೂತು ಹಲ್ಲುಕಿರಿಯುತ್ತಿದ್ದವರು ಬಾಯಿ ಮುಚ್ಚಿ ಕೇಳಿದರು. ಅದಕ್ಕೆ ಏನಂತ ಹೆಸರಿಡುತ್ತೀರಿ?

ಇನ್ನೊಂದು ಸಂಗತಿ. ಜರ್ನಿ ಬ್ಯಾಂಡಿನ 'ಓಪನ್ ಆರ್ಮ್ಸ್' 1982ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಅದರ ರಾಗ ಜರ್ನಿಯ ಕೀಬೋರ್ಡ್ ವಾದಕ ಜಾನಥನ್ ಕೇನ್ ತಾವು ಹಿಂದೆ ಇದ್ದ ಬ್ಯಾಂಡಿನಲ್ಲೇ ಶುರು ಮಾಡಿದ್ದು. ಅಲ್ಲಿನ ಗಾಯಕ ಜಾನ್ ವೇಟ್‌ಗೆ ಅದು ತೀರಾ ಗೋಳು ಅನಿಸಿ ಬೇಡ ಅಂದರು. ಸರಿ. ಏಳು ವರ್ಷ ಕಳೆದು, 1989ರಲ್ಲಿ, ಅದೇ ವೇಟ್, ಅದೇ ಕೇನ್ ಜೊತೆ ಬ್ಯಾಡ್ ಇಂಗ್ಲಿಷ್ ಅನ್ನುವ ಬ್ಯಾಂಡಿನಲ್ಲಿ ಒಂದು ಹಾಡು ಹಾಡಿ ಮೊದಲ ಸ್ಥಾನಕ್ಕೆ ಬಂದರು. ಯಾವ ಹಾಡು? ಅಪ್ಪಟ ಪವರ್ ಬ್ಯಾಲಡ್. ಬರೆದದ್ದು ಡಯೇನ್ ವಾರನ್, ಬ್ಯಾಂಡಿಗೆ ಸೇರಿದವರೇ ಅಲ್ಲ. 1998ರಲ್ಲಿ ಏರೋಸ್ಮಿತ್‌ಗೆ ಅಮೆರಿಕದಲ್ಲಿ ಸಿಕ್ಕ ಏಕೈಕ ಮೊದಲ ಸ್ಥಾನದ ಹಾಡನ್ನು ಬರೆದದ್ದೂ ಅವರೇ.

ಹಾಗಾದರೆ ಬೇರೆಯವರು ಬರೆದುಕೊಟ್ಟ ಅಳುವನ್ನು ಅತ್ತರೆ ಅದು ಸುಳ್ಳಾ? ನನಗೆ ಹಾಗನ್ನಿಸುವುದಿಲ್ಲ. ಬಾನಿ ಟೈಲರ್‌ಗೆ 1983ರಲ್ಲಿ ಜಿಮ್ ಸ್ಟೈನ್‌ಮನ್ ಬರೆದುಕೊಟ್ಟ ಗ್ರಹಣದ ಹಾಡನ್ನೇ, 'ಟೋಟಲ್ ಎಕ್ಲಿಪ್ಸ್ ಆಫ್ ದಿ ಹಾರ್ಟ್' ಅನ್ನೇ ತೆಗೆದುಕೊಳ್ಳಿ. 1997ರಲ್ಲಿ ವಿಯೆನ್ನಾದಲ್ಲಿ ರಕ್ತಪಿಶಾಚಿಗಳ ಸಂಗೀತ ನಾಟಕವೊಂದಕ್ಕೆ ಸ್ಟೈನ್‌ಮನ್ ಅದೇ ರಾಗವನ್ನು ಹಾಕಿದರು. ಒಂಚೂರೂ ಆಭಾಸ ಅನಿಸದೆ ಹೊಂದಿಕೊಂಡಿತು. ಅಂದರೆ ಅದು ಎಷ್ಟು ಅತಿ ಅಂತ ಬರೆದವರಿಗೇ ಗೊತ್ತಿತ್ತು. ಆದರೆ ಟೈಲರ್ ಆ ಒರಟು ಗಂಟಲಲ್ಲಿ ಹಾಡುವಾಗ ಒಂದು ಕಣವೂ ತಮಾಷೆ ಇಲ್ಲ. ಪೂರ್ತಿ ನಂಬಿ ಹಾಡಿದ್ದಾರೆ.

ನನಗನಿಸುವುದು ಇಷ್ಟೇ. ಇಂಗ್ಲಿಷ್‌ನ 'ಚೀಸಿ' ಎರಡು ತಪ್ಪನ್ನು ಒಂದೇ ಗಂಟಿಗೆ ಕಟ್ಟಿಬಿಟ್ಟಿದೆ. ಒಂದು ಅತಿ. ಇನ್ನೊಂದು ಸೋಗು. ಕನ್ನಡದಲ್ಲಿ ಇವು ಬೇರೆ ಬೇರೆ ಪದ, ಅದು ನಮ್ಮ ಪುಣ್ಯ. ಎದೆ ಬಡಿದುಕೊಂಡು ಅಳುವವರನ್ನು ನೋಡಿ 'ಅತಿಯಾಯಿತು' ಅನ್ನುತ್ತೇವೆ. ಅಳು ಬರದೆಯೇ ಅಳುವವರಿಗೆ 'ಸೋಗು' ಅನ್ನುತ್ತೇವೆ. ಪವರ್ ಬ್ಯಾಲಡ್ ಮಾಡಿದ್ದು ಮೊದಲನೇ ತಪ್ಪು. ಎರಡನೆಯದನ್ನು ಅದರ ತಲೆಗೆ ಕಟ್ಟಬೇಡಿ.

ಕೆ.ಎನ್. ಬರೆದದ್ದು:

ಎ.ಜೆ., ಚೆನ್ನಾಗಿ ಬರೆದಿದ್ದೀರಿ. ಆದರೆ ಆ ಬ್ಯಾಂಡುಗಳಲ್ಲಿ ಅರ್ಧದಷ್ಟು ಜನ ಆಲ್ಬಂಗೆ ಒಂದು ಅಂತ ಲೆಕ್ಕ ಇಟ್ಟು ಇಂಥ ಹಾಡು ಮಾಡಿದರು, ರೇಡಿಯೋದಲ್ಲಿ ಓಡಲಿ ಅಂತ. ಅದು ಸೋಗಲ್ಲದೆ ಮತ್ತೇನು?

ಎ.ಜೆ. ಬರೆದದ್ದು:

ಲೆಕ್ಕ ಇತ್ತು, ಒಪ್ಪಿದೆ. ಹಾಡಿಸುವವರದ್ದು ಲೆಕ್ಕ, ಹಾಡುವವರದ್ದು ಗಂಟಲು. ಎರಡೂ ಒಂದೇ ರೆಕಾರ್ಡಿನಲ್ಲಿ ಇರುತ್ತವೆ. ಸೋಗಿನವು ಇಲ್ಲ ಅಂತ ನಾನು ಹೇಳಿಲ್ಲ. ಅವನ್ನು ನುಡಿಸುವಾಗ ಕೈಗೆ ಗೊತ್ತಾಗುತ್ತದೆ. ಜುಮ್ ಅನ್ನುವುದಿಲ್ಲ.

ಎಂ.ಆರ್. ಬರೆದದ್ದು:

ಅತಿ ಮತ್ತು ಸೋಗು ಅಂತ ಎ.ಜೆ. ಅವರು ಹೇಳಿದ್ದು ರಸಾಭಾಸದ ಚರ್ಚೆಯೇ, ಹೊಸ ಮಾತಲ್ಲ. ಆದರೂ ಸ್ಪಷ್ಟವಾಗಿ ಹೇಳಿದರು. ನನ್ನ ಸಲಹೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಬಿ.ಡಿ. ಬರೆದದ್ದು:

ಮೂಲ ಪ್ರಶ್ನೆಯನ್ನು ಎಲ್ಲರೂ ಮರೆತರು. ಎರವಲು ಪದ ಬೇಡ ಅನ್ನುವುದು ಹಟ ಅಲ್ಲ. ಸ್ಕೇಲ್, ಚೇಂಜ್, ಫ್ರೆಟ್, ಗೇರ್, ಬಾರ್. ಒಂದು ಪತ್ರದಲ್ಲಿ ಇಷ್ಟು! 'ಒಂದು ಮೆಟ್ಟಿಲು ಮೇಲೆ' ಅಂತ ನೀವೇ ಬರೆದಿದ್ದೀರಿ. ಎಷ್ಟು ಚೆನ್ನಾಗಿದೆ. ಅದನ್ನೇ ಬಳಸಬಹುದಿತ್ತಲ್ಲ?

ಎ.ಜೆ. ಬರೆದದ್ದು:

ಸರ್, ವೇದಿಕೆ ಮೇಲೆ ಕೀಬೋರ್ಡ್‌ನವನಿಗೆ 'ಒಂದು ಮೆಟ್ಟಿಲು ಮೇಲೆ' ಅಂದರೆ ಅವನು ಎದ್ದು ಬಂದು ನನ್ನ ಪಕ್ಕ ನಿಲ್ಲುತ್ತಾನೆ.

ಟಿ.ಎಚ್. ಬರೆದದ್ದು:

ಭಾಷೆ ಎರವಲು ಪಡೆಯುವುದು ಬಡತನಕ್ಕಲ್ಲ ಅಂತ ನಮ್ಮ ಈ ಚರ್ಚಾಬಳಗದಲ್ಲಿ ಎಷ್ಟು ಸಲ ಹೇಳಬೇಕೋ. ಇಂಗ್ಲಿಷ್ ನಮ್ಮ ಕಡೆಯ ಚೀಜ್ ತೆಗೆದುಕೊಂಡಾಗ ಅದಕ್ಕೆ ಅವಮಾನ ಆಯಿತೇ?

ಕೆ.ಎನ್. ಬರೆದದ್ದು:

ಚೀಜ್ ಸಾಕು.

ಪಿ.ಎಸ್. ಬರೆದದ್ದು:

ಎಲ್ಲರಿಗೂ ಧನ್ಯವಾದ (ಹೃತ್ಪೂರ್ವಕ ಅಂತ ಬೇಕೆಂದೇ ಸೇರಿಸಿಲ್ಲ). ಐದೂವರೆಗೆ ಕಳಿಸಿಬಿಟ್ಟೆ.

ಬಿ.ಡಿ. ಸರ್, 'ಎದೆಯಾಳದ್ದೋ' ನನಗೆ ನಿಜವಾಗಲೂ ಇಷ್ಟವಾಯಿತು. ಆದರೆ ಪೂರ್ತಿ ಸಾಲು ಹಾಕಿ ನೋಡಿದರೆ ಅಕ್ಷರ ಚಿಕ್ಕದು ಮಾಡಬೇಕಾಗುತ್ತಿತ್ತು. ಈ ಹಾಡುಗಳ ಫಲಕದಲ್ಲಿ ಅಕ್ಷರ ಚಿಕ್ಕದಾದರೆ ಹೇಗೆ! ಒಳಗಿನ ಬರಹದಲ್ಲಿ 'ಎದೆಯಾಳದ ಕೂಗು' ಅಂತ ಎರಡು ಕಡೆ ಬಳಸಿದ್ದೇನೆ. ಮೊದಲು 'ನಕಲಿಯೋ, ಅಸಲಿಯೋ' ಅಂತ ಬರೆದಿಟ್ಟಿದ್ದೆ. ಎ.ಜೆ. ಅವರ ಪತ್ರ ಓದಿ 'ನಕಲಿ' ಅಳಿಸಿದೆ. ಅತಿಯಾದದ್ದೆಲ್ಲ ನಕಲಿ ಅಲ್ಲ, ಸರಿ. 'ಪವರ್ ಬ್ಯಾಲಡ್' ಹಾಗೇ ಉಳಿಯಿತು, ಕ್ಷಮೆ ಇರಲಿ.

ತಲೆಬರಹ ಹೀಗೆ ಹೋಯಿತು: 'ಅತಿಯೋ? ಅಸಲಿಯೋ?'

ಬಿ.ಡಿ. ಬರೆದದ್ದು:

'ಅತಿ' ಸಂಸ್ಕೃತ. 'ಅಸಲಿ' ಅರಬ್ಬಿ. ಇದರಲ್ಲಿ ಕನ್ನಡ ಯಾವುದು ಅಂತ ತೋರಿಸಿ.

ಎ.ಜೆ. ಬರೆದದ್ದು:

ಆ ಎರಡು 'ಓ' ಸರ್. ಹಾಡಿನಲ್ಲಿ ಎಳೆಯುವುದೂ ಅದನ್ನೇ.